ಅರ್ಧಕ್ಕೆ ನಿಂತ ಪದವಿ ಮತ್ತು ಜಿಲ್ಲಾ ಕಾರಾಗೃಹ

ಕೋಲಾರದ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ನಾನು, ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ಕಾರಾಗೃಹಕ್ಕೆ ಹೋದಾಗ, ಹೊಸದಾಗಿ ಬಂದ ಹುಡುಗರಿಗೆ ಜಾಮೀನಿನ ಮಾತೆತ್ತುವ ಮೊದಲು ಬೇರೊಂದು ಪ್ರಶ್ನೆ ಕೇಳುತ್ತೇನೆ. ಓದುತ್ತಿದ್ದೀಯಾ, ಯಾವ ಸೆಮಿಸ್ಟರ್, ಪರೀಕ್ಷಾ ಶುಲ್ಕ ಕಟ್ಟಿದ್ದೀಯಾ?

ಈ ರೂಢಿ ಬಂದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಬಿ.ಕಾಂ. ಐದನೆಯ ಸೆಮಿಸ್ಟರಿನ ಹುಡುಗನೊಬ್ಬ ಊರಜಾತ್ರೆಯ ಹೊಡೆದಾಟದ ಪ್ರಕರಣದಲ್ಲಿ ಒಳಗೆ ಬಂದಿದ್ದ. "ಪರೀಕ್ಷೆ ಹೋದ್ರೆ ಹೋಗ್ಲಿ ಲಾಯರಮ್ಮ, ಮೊದ್ಲು ಹುಡುಗ ಆಚೆ ಬರ್ಲಿ" ಎಂದು ಅವನ ತಾಯಿ ಹೇಳಿದಾಗ ನಾನೂ ಹಾಗೆಯೇ ಎಂದುಕೊಂಡೆ. ಜಾಮೀನು ಸಿಕ್ಕಿದ್ದು ನಾಲ್ಕನೆಯ ತಿಂಗಳಲ್ಲಿ. ಪರೀಕ್ಷಾ ಅರ್ಜಿಯ ಕೊನೆಯ ದಿನ ಕಳೆದುಹೋಗಿದ್ದು ಅವನು ಒಳಗೆ ಬಂದ ಎರಡನೆಯ ವಾರದಲ್ಲಿ. ಹೊರಗೆ ಬಂದವನಿಗೆ ಕಾಲೇಜಿನಲ್ಲಿ ಹಾಜರಾತಿ ಸಾಲದು ಎಂದರು, ಮುಂದಿನ ವರ್ಷ ಬಾ ಎಂದರು. ಅವನು ಮತ್ತೆ ಆ ಕಡೆ ಹೋಗಲಿಲ್ಲ. ಗೂಡ್ಸ್ ಗಾಡಿ ಓಡಿಸಲು ಸೇರಿಕೊಂಡ. ಪ್ರಕರಣದಲ್ಲಿ ಕೊನೆಗೆ ಅವನ ಬಿಡುಗಡೆಯಾಯಿತು, ಆದರೆ ಪದವಿ ಅರ್ಧಕ್ಕೇ ನಿಂತಿತು. ಆ ಎರಡನೆಯ ವಾರದಲ್ಲಿ ನಾನು ಒಂದು ಪುಟದ ಅರ್ಜಿ ಬರೆದಿದ್ದರೆ ಸಾಕಾಗಿತ್ತು.

ಜೈಲಿನಲ್ಲಿ ಕಾಲೇಜು ಶಿಕ್ಷಣ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೇಂದ್ರ ಕಾರಾಗೃಹದಲ್ಲಿ ಹತ್ತು ಹನ್ನೆರಡು ವರ್ಷ ಕಳೆದು ಎಂ.ಎ. ಮುಗಿಸಿದ ಸಜಾ ಬಂದಿಯ ಚಿತ್ರ. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ. ಅಂದರೆ ನಾಲ್ವರಲ್ಲಿ ಮೂವರು. ಜಿಲ್ಲಾ ಕಾರಾಗೃಹದಲ್ಲಿ ನಾನು ಭೇಟಿಯಾಗುವುದು ಹೆಚ್ಚಾಗಿ ಇವರನ್ನೇ. ಎಷ್ಟು ದಿನ ಒಳಗಿರುತ್ತೇನೆ ಎಂಬುದು ಇವರಿಗೆ ತಿಳಿದಿರುವುದಿಲ್ಲ. ವಿಚಾರಣಾಧೀನರನ್ನು ದುಡಿಮೆಗೆ ಹಚ್ಚುವಂತಿಲ್ಲವಾದ್ದರಿಂದ ದಿನವಿಡೀ ಬಿಡುವು, ಆದರೆ ಮುಂದಿನ ತಿಂಗಳು ಎಲ್ಲಿರುತ್ತೇನೆ ಎಂಬ ಖಾತರಿ ಇಲ್ಲ. ಹೊಸ ಕೋರ್ಸಿಗೆ ಸೇರಿಸಿ ಫೋಟೊ ತೆಗೆಸುವುದಕ್ಕಿಂತ ಮೊದಲು, ಆಗಲೇ ನಡೆಯುತ್ತಿರುವ ಓದು ಕಡಿದುಹೋಗದಂತೆ ನೋಡಿಕೊಳ್ಳುವುದೇ ಇಲ್ಲಿ ಮುಖ್ಯವೆಂದು ನನ್ನ ಅನುಭವ.

ರೆಗ್ಯುಲರ್ ಕಾಲೇಜಿನ ವಿದ್ಯಾರ್ಥಿಯಾಗಿದ್ದರೆ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಸೆಮಿಸ್ಟರಿನ ಹಾಜರಾತಿ ಈಗಾಗಲೇ ತುಂಬಿದ್ದರೆ, ಅಥವಾ ಬಾಕಿ ಇರುವುದು ಹಳೆಯ ಪೇಪರುಗಳಷ್ಟೇ ಆಗಿದ್ದರೆ, ಅವನು ಪರೀಕ್ಷೆ ಬರೆಯಲು ಬಂಧನವೊಂದೇ ಅಡ್ಡಿ, ಆ ಅಡ್ಡಿಯನ್ನು ನ್ಯಾಯಾಲಯ ತೆಗೆಯಬಲ್ಲದು. ವೇಳಾಪಟ್ಟಿ ಮತ್ತು ಪ್ರವೇಶಪತ್ರ ಲಗತ್ತಿಸಿ, ಪರೀಕ್ಷೆಯ ಅವಧಿಗೆ ಮಧ್ಯಂತರ ಜಾಮೀನು ಕೇಳಬೇಕು. ಅದು ಆಗದಿದ್ದರೆ ಬೆಂಗಾವಲಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯಲು ನಿರ್ದೇಶನವನ್ನಾದರೂ ಕೊಡಿ ಎಂದು ಅದೇ ಅರ್ಜಿಯಲ್ಲಿ ಪರ್ಯಾಯವಾಗಿ ಕೋರಬೇಕು. ಬೆಂಗಾವಲು ಕೊಡುವವರು ಸಶಸ್ತ್ರ ಮೀಸಲು ಪಡೆಯವರು. ಹಬ್ಬ, ಚುನಾವಣೆ, ಮಂತ್ರಿಗಳ ಪ್ರವಾಸ ಬಂದರೆ ಅವರ ಬಂದೋಬಸ್ತ್ ಬೇರೆ ಕಡೆ ಹೋಗುತ್ತದೆ. ಆದ್ದರಿಂದ ಆದೇಶದ ಪ್ರತಿಯನ್ನು ಜೈಲಿಗೆ ಮಾತ್ರವಲ್ಲದೆ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೂ ಕನಿಷ್ಠ ಒಂದು ವಾರ ಮೊದಲೇ ಮುಟ್ಟಿಸಬೇಕು. ಜೊತೆಗೆ ಬರುವ ಸಿಬ್ಬಂದಿ ಸಾದಾ ಉಡುಪಿನಲ್ಲಿರಲಿ ಎಂದೂ ನಾನು ಕೇಳುತ್ತೇನೆ. ಸಹಪಾಠಿಗಳ ಎದುರು ಖಾಕಿಯ ನಡುವೆ ನಡೆದುಹೋಗುವುದಕ್ಕೆ ಹೆದರಿ, ಅನುಮತಿ ಸಿಕ್ಕ ಮೇಲೂ ಪರೀಕ್ಷೆಯೇ ಬೇಡವೆಂದವರನ್ನು ಕಂಡಿದ್ದೇನೆ.

ಹಾಜರಾತಿಯೇ ತುಂಬದಿದ್ದರೆ ದಾರಿ ಕಿರಿದು. ಆಗ ದೂರ ಶಿಕ್ಷಣದ ಮಾತು ಬರುತ್ತದೆ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಕಾರಾಗೃಹದ ಬಂದಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತದೆ. ಅದರ ಮೂರು ವರ್ಷದ ಪದವಿಯನ್ನು ಆರು ವರ್ಷಗಳವರೆಗೆ ಎಳೆದು ಮುಗಿಸಲು ಅವಕಾಶವಿದೆ, ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತವೆ. ಅನಿಶ್ಚಿತ ಬದುಕಿಗೆ ಈ ಸಡಿಲಿಕೆ ಬಹಳ ದೊಡ್ಡದು. ಆದರೆ ಅಲ್ಲಿನ ಪಠ್ಯ ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತ ಮುಳಬಾಗಿಲು, ಶ್ರೀನಿವಾಸಪುರದ ಹುಡುಗನ ಕೈಗೆ, ಬಿಡಿಸಿ ಹೇಳಲು ಮೇಷ್ಟರೂ ಇಲ್ಲದ ಬ್ಯಾರಕಿನಲ್ಲಿ, ಇಂಗ್ಲಿಷಿನ ಸಮಾಜಶಾಸ್ತ್ರ ಕೊಟ್ಟರೆ ಅದು ಮೂರು ದಿನದಲ್ಲಿ ದಿಂಬಾಗುತ್ತದೆ. ಇಂಥವರಿಗೆ ಕನ್ನಡದಲ್ಲಿ ಪಠ್ಯ ಕೊಡುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನೇ ಮೊದಲು ವಿಚಾರಿಸಬೇಕೆಂದು ನಾನು ಸಲಹೆ ಕೊಡುತ್ತೇನೆ. ಶುಲ್ಕದ ವಿನಾಯಿತಿಗಿಂತ ಓದಿದ್ದು ಅರ್ಥವಾಗುವುದು ಹೆಚ್ಚು ಬೆಲೆಯುಳ್ಳದ್ದು.

ಅರ್ಜಿ ಸಲ್ಲಿಸುವ ಕೆಲಸ ಈಚೆಗೆ ಮತ್ತಷ್ಟು ಕಠಿಣವಾಗಿದೆ. ದೂರ ಶಿಕ್ಷಣದ ಪ್ರವೇಶಕ್ಕೆ ಈಗ ಯುಜಿಸಿಯ ದೂರ ಶಿಕ್ಷಣ ಬ್ಯೂರೋದ, ಅಂದರೆ ಡಿಇಬಿಯ, ಗುರುತಿನ ಸಂಖ್ಯೆ ಬೇಕು, ಅದಕ್ಕೆ ಮೊದಲು ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕವಿಡುವ ಎಬಿಸಿ ಖಾತೆಯ ಸಂಖ್ಯೆ ಬೇಕು, ಅದು ಆಧಾರ್ ಮೂಲಕ ಆಗಬೇಕು, ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಜೈಲಿನೊಳಗೆ ಮೊಬೈಲ್ ಇರುವಂತಿಲ್ಲ. ಹುಡುಗನ ಫೋನು ಒಮ್ಮೊಮ್ಮೆ ಪೊಲೀಸರ ಜಪ್ತಿಯಲ್ಲಿರುತ್ತದೆ, ಸಿಮ್ ಕೂಡ ಅದರೊಳಗೇ. ಒಂದು ಪ್ರಕರಣದಲ್ಲಿ ಅದೃಷ್ಟಕ್ಕೆ ಆಧಾರಿಗೆ ಅಣ್ಣನ ನಂಬರು ಜೋಡಣೆಯಾಗಿತ್ತು. ಅಣ್ಣ ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸ್ ಇಳಿಸುವ ಹಮಾಲಿ. ಹರಾಜಿನ ಗಲಾಟೆಯ ನಡುವೆ ಅವನು ಆರು ಅಂಕಿ ಓದಿ ಹೇಳುವಷ್ಟರಲ್ಲಿ ಎರಡು ಸಲ ಸಮಯ ಮೀರಿಹೋಯಿತು, ಮೂರನೆಯ ಸಲ ದಕ್ಕಿತು. ಈ ಕೆಲಸವನ್ನು ಮನೆಯವರ ಪಾಲಿಗೆ ಬಿಡದೆ, ಜೈಲಿನ ಕಾನೂನು ನೆರವು ಕೇಂದ್ರದ ಅರೆಕಾನೂನು ಸ್ವಯಂಸೇವಕರು, ಅಂದರೆ ಪಿಎಲ್‌ವಿಗಳು, ವಹಿಸಿಕೊಳ್ಳಬೇಕು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ನೆರವು ಸಿಗಬೇಕು. ಆ ನೆರವಿನಲ್ಲಿ ಇದನ್ನೂ ಸೇರಿಸಿಕೊಳ್ಳುವುದು ಸಹಜವೇ ಆಗಿದೆ.

ಅರ್ಜಿಯ ವಿಳಾಸದ ಕಾಲಂ ಬಗ್ಗೆಯೂ ಎಚ್ಚರ ಬೇಕು. ಅಲ್ಲಿ ಮನೆಯ ವಿಳಾಸವನ್ನೇ ಬರೆಸಿ. ಪುಸ್ತಕಗಳು, ಅಂಕಪಟ್ಟಿ ಬರುವ ಹೊತ್ತಿಗೆ ಅವನು ಹೊರಗಿರಬಹುದು.

ಬೆಂಗಳೂರಿನ ಜೈಲಿನಿಂದ ಹೋದ ಒಂದು ಪತ್ರದ ಮೇಲೆ ನಡೆದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕಾರಾಗೃಹಗಳ ಒಂಬತ್ತು ಸಮಸ್ಯೆಗಳನ್ನು ಎತ್ತಿ ತೋರಿತು. ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಆರೋಗ್ಯ, ಊಟ ಎಲ್ಲವೂ ಅದರಲ್ಲಿವೆ. ಶಿಕ್ಷಣ ಪ್ರತ್ಯೇಕವಾಗಿ ಇಲ್ಲ. ಅದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ, ಏಕೆಂದರೆ ಮೊದಲ ಎರಡು ಸಮಸ್ಯೆಗಳೇ ಓದನ್ನು ನುಂಗುವಂಥವು. ಕೂರಲು ಗೋಡೆಯ ಬದಿ ಸಿಗದ ಕೋಣೆಯಲ್ಲಿ, ರಾತ್ರಿಯವರೆಗೆ ಟಿ.ವಿ. ಓಡುವಲ್ಲಿ, ಇಬ್ಬರು ಮೂವರು ವಿದ್ಯಾರ್ಥಿಗಳಿಗೆ ಹಗಲಿನಲ್ಲಿ ಎರಡು ಗಂಟೆ ಗ್ರಂಥಾಲಯದ ಕೋಣೆ ತೆರೆದಿಟ್ಟರೆ ಅದೇ ದೊಡ್ಡ ಉಪಕಾರ. ನಾನು ಕೇಳಿದಾಗ ಅಧೀಕ್ಷಕರು ಇಲ್ಲವೆಂದದ್ದು ಕಡಿಮೆ, ಕೇಳುವವರೇ ಇರುವುದಿಲ್ಲ. ಮಹಿಳಾ ವಿಭಾಗದ ಸ್ಥಿತಿ ಇನ್ನೂ ಕಷ್ಟ. ಅಲ್ಲಿ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಪಾಠವೂ ಇಲ್ಲ, ಪುಸ್ತಕಗಳು ಪುರುಷರ ವಿಭಾಗದಲ್ಲೇ ಉಳಿಯುತ್ತವೆ.

ಕೊಲೆಯಾದ ಹುಡುಗನ ತಾಯಿಯೊಬ್ಬರು ನ್ಯಾಯಾಲಯದ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ನನ್ನ ಮಗ ಮಣ್ಣಲ್ಲವ್ನೆ, ಅವನು ಸರ್ಕಾರದ ದುಡ್ಡಲ್ಲಿ ಡಿಗ್ರಿ ಮಾಡ್ತಾನಾ?" ಎಂದು ಕೇಳಿದ್ದರು. ಆ ತಾಯಿಗೆ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ನೀತಿಯಾಗಿ ಮಾಡಿಕೊಂಡ ದೇಶವೊಂದಿದೆ. ಅಮೆರಿಕವು 1994ರ ಕಾಯ್ದೆಯಿಂದ ಬಂದಿಗಳಿಗೆ ಪೆಲ್ ಅನುದಾನವನ್ನು, ಅಂದರೆ ಕಾಲೇಜು ಓದಿಗೆ ಸರ್ಕಾರ ಕೊಡುವ ನೆರವನ್ನು, ನಿಲ್ಲಿಸಿತು, 2023ರ ಜುಲೈನಲ್ಲಿ ಮತ್ತೆ ಪೂರ್ಣವಾಗಿ ತೆರೆಯಿತು. ಅಲ್ಲಿನ ರ‍್ಯಾಂಡ್ ಸಂಶೋಧನಾ ಸಂಸ್ಥೆಯ 2013ರ ವರದಿಯ ಪ್ರಕಾರ, ಜೈಲಿನಲ್ಲಿ ಓದಿದವರು ಮತ್ತೆ ಅಪರಾಧಕ್ಕೆ ಮರಳುವ ಸಂಭವ ಓದದವರಿಗಿಂತ ಶೇ. 43ರಷ್ಟು ಕಡಿಮೆ. ಓದಲು ಮುಂದೆ ಬರುವವರೇ ಮೊದಲಿಂದ ಬದಲಾಗಲು ಸಿದ್ಧರಿದ್ದವರು ಎಂಬ ಆಕ್ಷೇಪಕ್ಕೆ ಇದರಲ್ಲಿ ಸ್ವಲ್ಪ ಜಾಗವಿದೆ. ಹಾಗಿದ್ದರೂ ಸಿದ್ಧರಿರುವವರನ್ನು ಕೈಬಿಡಲು ಅದು ಕಾರಣವಾಗದು. ಶಿಕ್ಷೆ ಎಂದರೆ ಸ್ವಾತಂತ್ರ್ಯದ ಹರಣ. ಅದರ ಮೇಲೆ ಓದನ್ನೂ ಕಿತ್ತುಕೊಳ್ಳಲು ಯಾವ ನ್ಯಾಯಾಧೀಶರೂ ಆದೇಶ ಬರೆದಿರುವುದಿಲ್ಲ.

ಓದು ಕಡಿಯುವ ಇನ್ನೊಂದು ಘಳಿಗೆ ವರ್ಗಾವಣೆ ಅಥವಾ ಬಿಡುಗಡೆ. ಶಿಕ್ಷೆಯಾದರೆ ಬಂದಿಯನ್ನು ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಮೊದಲ ಬಾರಿಯ ಆರೋಪಿ, ಜೀವಾವಧಿ ಅಥವಾ ಮರಣದಂಡನೆಯ ಅಪರಾಧವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದ ಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಡಿ ಹೊರಬರಬಹುದು. ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 104ನೆಯ ನಿಯಮ, ಬಂದಿಗಳ ಶಿಕ್ಷಣ ದೇಶದ ಶಿಕ್ಷಣ ವ್ಯವಸ್ಥೆಯೊಂದಿಗೆ ಬೆಸೆದಿರಬೇಕು, ಬಿಡುಗಡೆಯಾದವರು ಅದನ್ನು ತೊಂದರೆಯಿಲ್ಲದೆ ಮುಂದುವರಿಸುವಂತಿರಬೇಕು ಎನ್ನುತ್ತದೆ. ನಮ್ಮಲ್ಲಿ ಬಿಡುಗಡೆಯ ಆದೇಶ ಸಂಜೆ ಬರುತ್ತದೆ. ಹುಡುಗ ಬಟ್ಟೆಯ ಚೀಲ ಹಿಡಿದು ಓಡುತ್ತಾನೆ, ಪುಸ್ತಕ ಒಳಗೇ ಉಳಿಯುತ್ತದೆ. ಅದಕ್ಕಾಗಿ ನಾನು ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಪ್ಲಾಸ್ಟಿಕ್ ಫೈಲ್ ಕೊಡುತ್ತೇನೆ. ನೋಂದಣಿ ಸಂಖ್ಯೆ, ಅಸೈನ್‌ಮೆಂಟ್ ಸಲ್ಲಿಸಿದ ರಸೀದಿಗಳು, ಅಧ್ಯಯನ ಕೇಂದ್ರ ಬದಲಾವಣೆಗೆ ತುಂಬಿಸಿಟ್ಟ ಅರ್ಜಿ ಅದರಲ್ಲಿರುತ್ತವೆ. ಪ್ರತಿಯೊಂದರ ಇನ್ನೊಂದು ಪ್ರತಿ ನನ್ನ ಕಚೇರಿಯ ಕಪಾಟಿನಲ್ಲಿದೆ. ಹೊರಬಂದ ಮೇಲೆ ಅದನ್ನು ಕೇಳಿಕೊಂಡು ಈ ವರ್ಷ ಇಬ್ಬರು ಬಂದಿದ್ದರು.