ಹಾಡಲು ಬಾರದವರು ಕಾಲೇಜಿನಲ್ಲಿ ಶಾಸ್ತ್ರೀಯ ಸಂಗೀತದ ಪೇಪರ್ ತಗೊಳ್ಳಬಹುದಾ?

ಪ್ರಶ್ನೆ: ಉಡುಪಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಓಪನ್ ಇಲೆಕ್ಟಿವ್ ಆಗಿ ಭಾರತೀಯ ಶಾಸ್ತ್ರೀಯ ಸಂಗೀತ ತಗೊಳ್ಳುವ ಆಸೆ ಇದೆ. ಸಣ್ಣವಳಿದ್ದಾಗ ಸಂಗೀತ ಕ್ಲಾಸಿಗೆ ಹೋದವಳಲ್ಲ, ಹಾಡಲೂ ಬರುವುದಿಲ್ಲ. ಫೇಲ್ ಆಗಿಬಿಡ್ತೇನಾ?

ಉತ್ತರ: ಧೈರ್ಯವಾಗಿ ತಗೊಳ್ಳಿ. ಇಂಥ ಪೇಪರುಗಳನ್ನು ಸಾಮಾನ್ಯವಾಗಿ ಸಂಗೀತ ಕಲಿಯದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಅಲ್ಲಿ ಜಾಸ್ತಿ ಕೆಲಸ ಇರುವುದು ಕಿವಿಗೆ ಮತ್ತು ಕೈಗೆ.

ಕೈಗೆ ಯಾಕೆ ಅಂದರೆ, ತಾಳ. ಹೊಸಬರು ಮೊದಲು ಎಡವುವುದೇ ಇಲ್ಲಿ. ಆದಿತಾಳವನ್ನೇ ನೋಡಿ. ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಶುರುಮಾಡಿ ಮೂರು ಬೆರಳಿನ ಎಣಿಕೆ. ಅಲ್ಲಿಗೆ ನಾಲ್ಕು. ನಂತರ ಪೆಟ್ಟು, ಹುಸಿ (ಅಂಗೈ ಮೇಲೆ ಮಾಡಿ ತೋರಿಸುವುದು). ಮತ್ತೆ ಪೆಟ್ಟು, ಹುಸಿ. ಒಟ್ಟು ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಓದುವಾಗ ಎಷ್ಟು ಸುಲಭ, ಅಲ್ವಾ? ಹಾಡು ಶುರುವಾಗಲಿ, ಕೈ ಲಯ ತಪ್ಪಿ ತನ್ನಷ್ಟಕ್ಕೇ ಓಡುತ್ತದೆ. ಅದೂ ಅಲ್ಲದೆ ಎಷ್ಟೋ ಕೃತಿಗಳು ಮೊದಲ ಪೆಟ್ಟಿನ ಮೇಲೆ ಎತ್ತಿಕೊಳ್ಳುವುದಿಲ್ಲ. ಪೆಟ್ಟು ಬಿದ್ದು ಚೂರು ಕಳೆದ ಮೇಲೆ ಸಾಹಿತ್ಯ ಬರುತ್ತದೆ. ಇದನ್ನು ನೋಟ್ಸ್ ಓದಿ ಕಲಿಯಲು ಆಗುವುದಿಲ್ಲ. ದಿನಾ ಹತ್ತು ನಿಮಿಷ ತೊಡೆ ಮೇಲೆ ತಾಳ ಹಾಕುತ್ತಾ ಕೇಳಿ.

ಇನ್ನು ರಾಗ. ಪುಸ್ತಕದ ಪ್ರಕಾರ ಮೋಹನ ರಾಗಕ್ಕೆ ಐದು ಸ್ವರ: ಸ ರಿ ಗ ಪ ದ. ಹಿಂದೂಸ್ತಾನಿಯ ಭೂಪ್‌ಗೂ ಅವೇ ಐದು, ದೇಶಕಾರ್‌ಗೂ ಅವೇ ಐದು. ಆದರೆ ಭೂಪ್‌ನಲ್ಲಿ ಗಾಂಧಾರಕ್ಕೆ (ಗ) ಒತ್ತು, ಅದು ರಾತ್ರಿಯ ಮೊದಲ ಜಾವದ ರಾಗ. ದೇಶಕಾರ್‌ನಲ್ಲಿ ಧೈವತಕ್ಕೆ (ದ) ಒತ್ತು, ಅದನ್ನು ಬೆಳಿಗ್ಗೆ ಹಾಡುತ್ತಾರೆ. ಮೂರನ್ನೂ ಒಂದೇ ಕೂತಲ್ಲಿ ಕೇಳಿ ನೋಡಿ. ಸ್ವರಗಳು ಒಂದೇ ಆದರೂ ರಾಗ ಬೇರೆಯಾಗುವುದು ಹೇಗೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಇಡೀ ಕೋರ್ಸಿನಲ್ಲಿ ಇದೊಂದು ದಕ್ಕಿದರೂ ಸಾಕು ಅಂತ ನನ್ನ ಅಭಿಪ್ರಾಯ.

ಗಮಕಕ್ಕೂ ಹೀಗೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ ಆ ಓಲಾಟ ಕರ್ನಾಟಕ ಸಂಗೀತದ ಜೀವ. ಅದನ್ನು ತಿಳಿಯಲು ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಅವರು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯವರೆಗೂ ಹೋದರು. ಬ್ಯಾಂಡ್ ಸೆಟ್ಟಿನ ವಾದ್ಯ ಅಂದುಕೊಂಡಿದ್ದರಲ್ಲಿ ಅಷ್ಟು ಗಮಕ ನುಡಿಸಿದ್ದನ್ನು ಕೇಳಿದರೆ, ಆ ಓಲಾಟ ಇಲ್ಲದಿದ್ದರೆ ಏನು ಕಳೆದುಹೋಗುತ್ತಿತ್ತು ಅಂತ ತಿಳಿಯುತ್ತದೆ.

ಕರಾವಳಿಯವರಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಯಕ್ಷಗಾನದ ಯಾವುದೇ ಪ್ರಸಂಗ ಪುಸ್ತಕ ತೆರೆಯಿರಿ. ಪದ್ಯದ ತಲೆ ಮೇಲೆ ರಾಗ, ತಾಳದ ಹೆಸರು ಅಚ್ಚಾಗಿರುತ್ತದೆ. ರಾತ್ರಿಯಿಡೀ ಆಟ ನೋಡಿದವರ ಕಿವಿಗೆ ಕಾಂಬೋದಿ, ಸಾವೇರಿ ಆಗಲೇ ಬಿದ್ದಿರುತ್ತವೆ. ಆದರೆ ಹೆಸರು ಒಂದೇ ಅಂತ ಹಾಡುವ ಕ್ರಮವೂ ಒಂದೇ ಅಂದುಕೊಳ್ಳಬೇಡಿ. ಕ್ಲಾಸಿನಲ್ಲಿ ಕಲಿತದ್ದಕ್ಕೆ ಹೊಂದಲಿಲ್ಲ ಅಂತ ಭಾಗವತರನ್ನು ತಪ್ಪು ಅನ್ನುವುದಂತೂ ಬೇಡವೇ ಬೇಡ. ಅದು ಅದರದ್ದೇ ಪರಂಪರೆ.

ಥಿಯರಿಗೆ ಹೆದರಬೇಡಿ. ಕರ್ನಾಟಕ ಸಂಗೀತದ 72 ಮೇಳಕರ್ತ (ಮೂಲ ರಾಗಗಳು), ವೆಂಕಟಮಖಿಯ ಚತುರ್ದಂಡೀ ಪ್ರಕಾಶಿಕೆ ಅನ್ನುವ ಗ್ರಂಥ, ಹಿಂದೂಸ್ತಾನಿ ರಾಗಗಳನ್ನು ವಿಂಗಡಿಸಿದ ಭಾತಖಂಡೆಯವರ 10 ಥಾಟ್, ಇವೆಲ್ಲ ಮಾರ್ಕಿಗೆ ಬೇಕು. ಕೇಳಿದ ಮೇಲೆ ಓದಿದರೆ ಬೇಗ ತಲೆಗೆ ಹೋಗುತ್ತವೆ. ಕಛೇರಿ ಕೇಳಿ ವರದಿ ಬರೆಯುವ ಅಸೈನ್‌ಮೆಂಟ್ ಇದ್ದರೆ ಯೂಟ್ಯೂಬ್ ನೋಡಿ ಬರೆಯಬೇಡಿ. ಕಛೇರಿಗಳು ನಡೆಯುವ ಕೃಷ್ಣ ಮಠದ ರಾಜಾಂಗಣ ನಿಮಗೆ ಹತ್ತಿರವೇ ಇದೆ. ಮೃದಂಗದವರು ಗಾಯಕರ ಮುಖ ನೋಡುತ್ತಾ ಹೇಗೆ ನುಡಿಸುತ್ತಾರೆ ಅನ್ನುವುದು ಎದುರು ಕೂತರೆ ಮಾತ್ರ ಕಾಣುತ್ತದೆ.

ಒಂದು ಸೆಮಿಸ್ಟರಿನಲ್ಲಿ ಹಾಡುಗಾರರಾಗುವುದಿಲ್ಲ. ಅದಕ್ಕೆ ಗುರುಗಳ ಹತ್ತಿರ ಮಾಯಾಮಾಳವಗೌಳ ರಾಗದ ಸರಳಿ ವರಸೆಯಿಂದಲೇ, ಅಂದರೆ ಮೊಟ್ಟಮೊದಲ ಸ್ವರಪಾಠದಿಂದಲೇ ಶುರುಮಾಡಬೇಕು. ಸಂಗೀತದಲ್ಲೇ ಪದವಿ ಮಾಡುವುದಾದರೆ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇದೆ, ಹಿಂದೂಸ್ತಾನಿಗೆ ಧಾರವಾಡ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ಅಡಿಪಾಯ ಗಟ್ಟಿ ಇರಲಿ.

ನಿಮ್ಮ ಕಾಲೇಜಿನಲ್ಲಿ ಪೇಪರ್ ಸಿಗದಿದ್ದರೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮದ್ರಾಸಿನ ಕೋರ್ಸುಗಳಿವೆ, ಕರ್ನಾಟಕ ಸಂಗೀತಕ್ಕೊಂದು, ಹಿಂದೂಸ್ತಾನಿಗೊಂದು. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು.

ಹೆಸರು ಬರೆಸುವ ಮೊದಲು ಸೀನಿಯರ್‌ಗಳ ಹತ್ತಿರ ವಿಚಾರಿಸಿ. ಪಾಠ ಮಾಡುವವರು ಸ್ವತಃ ಹಾಡುತ್ತಾರಾ ಅಥವಾ ನುಡಿಸುತ್ತಾರಾ? ಕ್ಲಾಸಿನಲ್ಲೇ ಸಂಗೀತ ಕೇಳಿಸುತ್ತಾರಾ? ಸುಮ್ನೆ ಸ್ಲೈಡ್ ಓದಿಸಿ ಮುಗಿಸುತ್ತಾರೆ ಅಂತಾದರೆ ಬೇರೆ ಪೇಪರ್ ನೋಡಿ. ತಂಬೂರಿ ಶ್ರುತಿ ಇಟ್ಟು ಪಾಠ ಶುರುಮಾಡುತ್ತಾರೆ ಅಂತ ಗೊತ್ತಾದರೆ ತಡಮಾಡಬೇಡಿ, ಸೀಟು ತುಂಬುವ ಮೊದಲೇ ಹೆಸರು ಬರೆಸಿ.