ಕೊಳೆಯಲ್ಲದ ಕತ್ತಿನ ಕಪ್ಪು, ಸುಖನಿದ್ದೆಯಲ್ಲದ ಗೊರಕೆ

ತೂಕ ಜಾಸ್ತಿಯಾದರೆ ಶುಗರ್, ಬಿಪಿ, ಹಾರ್ಟ್ ತೊಂದರೆ, ಮಂಡಿನೋವು ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇವಿಲ್ಲದಿದ್ದರೆ 'ದಪ್ಪ ಇದ್ದರೂ ಆರಾಮಾಗಿದ್ದೀನಿ' ಅಂದುಕೊಳ್ಳುವವರೇ ಹೆಚ್ಚು. ಆದರೆ ಬೊಜ್ಜು ತರುವ ಕೆಲವು ತೊಂದರೆಗಳಿಗೆ ಜನ ಬೇರೆಯೇ ಕಾರಣ ಹುಡುಕಿಕೊಂಡಿರುತ್ತಾರೆ. ಹಾಗಾಗಿ ಡಾಕ್ಟರ ಹತ್ತಿರ ಬರುವುದೇ ತಡ.

ಕತ್ತಿನ ಕಪ್ಪನ್ನೇ ನೋಡಿ. "ಇವಳು ಸರಿಯಾಗಿ ಸ್ನಾನಾನೇ ಮಾಡಲ್ಲ ಡಾಕ್ಟ್ರೇ" ಅಂತ ತಾಯಂದಿರು ಮಗಳ ಎದುರಿಗೇ ದೂರುತ್ತಾರೆ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಕಡಲೆಹಿಟ್ಟು, ನಿಂಬೆಹಣ್ಣು, ಪಾರ್ಲರಿನ ಬ್ಲೀಚ್ ಎಲ್ಲ ಆಗಿರುತ್ತದೆ. ಆ ಜಾಗದ ಮೇಲೆ ಬೆರಳಾಡಿಸಿದರೆ ಚರ್ಮ ಮಖಮಲ್ಲಿನ ಹಾಗೆ ದಪ್ಪಗೆ, ಮೆತ್ತಗೆ ಸಿಗುತ್ತದೆ. ಕಂಕುಳಲ್ಲೂ ಹಾಗೇ ಇರುತ್ತದೆ. ಇದು ಕೊಳೆ ಅಲ್ಲ, ಅಕಾಂಥೋಸಿಸ್ ನೈಗ್ರಿಕಾನ್ಸ್. ಬೊಜ್ಜಿನಿಂದ ದೇಹ, ಶುಗರನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸುತ್ತದೆ. ಈ ಹಂತದಲ್ಲಿ ಶುಗರ್ ರಿಪೋರ್ಟ್ ನಾರ್ಮಲ್ ಬರಬಹುದು. ಗ್ರಂಥಿ ಇನ್ನೂ ಏಗುತ್ತಿದೆ, ಅಷ್ಟೇ. ಅಂದರೆ ಶುಗರ್ ಬರುವ ಮೊದಲೇ ಕತ್ತು ಸುಳಿವು ಕೊಟ್ಟಿರುತ್ತದೆ. ಕ್ರೀಮಿಗೆ ಸುರಿಯುವ ದುಡ್ಡಿಗಿಂತ ತೂಕ ಇಳಿಸಿದರೆ ಲಾಭ ಜಾಸ್ತಿ. ನಿಧಾನಕ್ಕೆ ಬಣ್ಣ ತಿಳಿಯಾಗುತ್ತದೆ. (ತೆಳ್ಳಗಿರುವ ಹಿರಿಯರಿಗೆ ಇದು ದಿಢೀರನೆ ಬಂದರೆ ಕಥೆ ಬೇರೆ. ಒಳಗೆಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ನೋಡಲೇಬೇಕು.)

ಇನ್ನು ಗೊರಕೆ. ನಮ್ಮಲ್ಲಿ ಅದು ಸುಖನಿದ್ದೆಯ ಗುರುತು, ಇಲ್ಲವೇ ತಮಾಷೆಯ ವಸ್ತು. ಗೊರಕೆ ಹೊಡೆಯುವವರನ್ನು ಕೇಳಿ ಪ್ರಯೋಜನವಿಲ್ಲ, ನಾನು ಅವರ ಹೆಂಡತಿಯನ್ನೋ ಗಂಡನನ್ನೋ ಕೇಳುತ್ತೇನೆ. "ಜೋರಾಗಿ ಗೊರಕೆ ಬರ್ತಿರುತ್ತೆ, ಇದ್ದಕ್ಕಿದ್ದಂಗೆ ನಿಂತು ಹೋಗುತ್ತೆ. ಉಸಿರೇ ಇರಲ್ಲ. ಆಮೇಲೆ ಗಕ್ ಅಂತ ಎದ್ದಂಗೆ ಮಾಡಿ ಮತ್ತೆ ಶುರು." ಇಷ್ಟು ಕೇಳಿದರೆ ಅರ್ಧ ರೋಗ ಗೊತ್ತಾದ ಹಾಗೆಯೇ. ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ನಾಲಿಗೆಯಲ್ಲಿ, ಗಂಟಲ ಸುತ್ತ ಕೊಬ್ಬು ತುಂಬಿ ದಾರಿ ಕಿರಿದಾಗಿರುತ್ತದೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ಅದು ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಬಿಪಿ ಏರುತ್ತದೆ. ತೀವ್ರವಾಗಿದ್ದವರಲ್ಲಿ ಗಂಟೆಗೆ 30 ಸಲ, ಅದಕ್ಕೂ ಮೀರಿ ಹೀಗಾಗುತ್ತದೆ. ಮಲಗಿದವರಿಗೆ ಅದರ ನೆನಪೇ ಇರುವುದಿಲ್ಲ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಎರಡು ಮೂರು ಮಾತ್ರೆ ನುಂಗಿದರೂ ಬಗ್ಗದ ಬಿಪಿ, ಹಗಲಲ್ಲಿ ತೂಕಡಿಕೆ: ಇಷ್ಟೇ ಗೊತ್ತಾಗುವುದು. ಡ್ರೈವರ್ ಕೆಲಸದವರು ಸಿಗ್ನಲ್‌ನಲ್ಲಿ ಗಾಡಿ ನಿಂತ ಕೂಡಲೇ ಕಣ್ಣು ಎಳೆಯುತ್ತದೆ ಅಂದರೆ ನನಗೆ ನಿಜವಾಗಿ ಭಯ ಆಗುತ್ತದೆ. ಸ್ಲೀಪ್ ಸ್ಟಡಿ (ಮಲಗಿದಾಗ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಿದರೆ ತಿಳಿಯುತ್ತದೆ. ಚಿಕಿತ್ಸೆಗೆ ಸಿಪ್ಯಾಪ್ ಇದೆ, ಗಾಳಿಯ ಒತ್ತಡದಿಂದ ಗಂಟಲ ದಾರಿ ಮುಚ್ಚದಂತೆ ಇಡುವ ಯಂತ್ರ. ರಾತ್ರಿ ಅದರ ಮಾಸ್ಕ್ ಹಾಕಿ ಮಲಗಲು ಮೊದಮೊದಲು ಕಿರಿಕಿರಿ. ಅಭ್ಯಾಸವಾದವರು ಅದನ್ನು ಪ್ರವಾಸಕ್ಕೂ ಹೊತ್ತೊಯ್ಯುತ್ತಾರೆ.

ಹೆಂಗಸರು ಬಾಯಿಬಿಡದ ತೊಂದರೆ ಒಂದಿದೆ. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಜಿನುಗುವುದು. ಹೆರಿಗೆ ಆದಮೇಲೆ, ವಯಸ್ಸಾದಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಾಗುತ್ತಾರೆ. ಮದುವೆಮನೆಗೆ, ದೂರದ ಬಸ್ಸಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಹೊಟ್ಟೆಯ ಭಾರ ಮೂತ್ರಕೋಶದ ಮೇಲೆ ಸದಾ ಒತ್ತುತ್ತಿರುತ್ತದೆ. 80 ಕೆಜಿ ಇರುವವರು ಆರೇಳು ಕೆಜಿ ಇಳಿಸಿದರೂ ಎಷ್ಟೋ ಜನರಿಗೆ ಈ ತೊಂದರೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಜೊತೆಗೆ ಮೂತ್ರ ತಡೆಹಿಡಿಯುವ ಕೆಳಸ್ನಾಯುಗಳ ವ್ಯಾಯಾಮ ಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. ಕೊಬ್ಬಿನಲ್ಲೇ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ತಯಾರಾಗುವುದರಿಂದ ದಪ್ಪ ಇರುವವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚು.

ಅಪರೂಪದ್ದೊಂದು ಹೇಳಿಬಿಡುತ್ತೇನೆ. ತೂಕ ಹೆಚ್ಚಿರುವ ಚಿಕ್ಕ ವಯಸ್ಸಿನ ಹೆಂಗಸರಿಗೆ ಬಿಡದ ತಲೆನೋವು, ಬಗ್ಗಿ ಎದ್ದರೆ ಕ್ಷಣಕಾಲ ಕಣ್ಣು ಮಂಜಾಗುವುದು, ಕಿವಿಯಲ್ಲಿ ನಾಡಿ ಬಡಿದಂತೆ ಸದ್ದು ಇದ್ದರೆ ಮೈಗ್ರೇನ್ ಎಂದು ಮಾತ್ರೆ ನುಂಗಬೇಡಿ. ತಲೆಬುರುಡೆಯ ಒಳಗಿನ ಒತ್ತಡ ಏರಿರಬಹುದು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು, ಕಣ್ಣಿನ ಡಾಕ್ಟರು ಹಿಂಭಾಗದ ನರ ನೋಡಬೇಕು. ಬಿಟ್ಟರೆ ದೃಷ್ಟಿಯೇ ಹೋಗಬಹುದು.

'ನಾನೇನು ಅಷ್ಟು ದಪ್ಪ ಇಲ್ಲವಲ್ಲ' ಅಂತೀರಾ? ನಮ್ಮವರಿಗೆ ಲೆಕ್ಕ ಬೇರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಹಾಗಾಗಿ ಭಾರತೀಯರಿಗೆ ಬಿಎಂಐ (ಕೆಜಿ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ!

ಇದನ್ನೆಲ್ಲ ಓದಿ ನಾಳೆಯಿಂದಲೇ ಬರೀ ಜ್ಯೂಸ್ ಕುಡಿಯಲು ಹೊರಡಬೇಡಿ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚುತ್ತದೆ. ಅರ್ಧ ಕೆಜಿ ಸಾಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರ ಹತ್ತಿರ ಡೋಸ್ ಬಗ್ಗೆ ಮಾತಾಡಿ.