ಸರ್ಕಾರ ಕಡಿಮೆ ಸಾಕು ಅಂದ್ರೆ ‘ದುಡ್ಡಿದ್ದವರ ಪರ’ ಅಂತಾರಲ್ಲ, ಏನು ಹೇಳೋದು?

ಪ್ರಶ್ನೆ: ಸರ್ಕಾರ ಎಲ್ಲದಕ್ಕೂ ಕೈ ಹಾಕಬಾರದು ಅನ್ನುವ ಲಿಬರ್ಟೇರಿಯನ್ ವಿಚಾರ ನನಗೆ ಹಿಡಿಸಿದೆ. ಆದರೆ ಮನೆಯವರೂ ಗೆಳೆಯರೂ ನಗುತ್ತಾರೆ. ಒಪ್ಪಿಸುವುದು ಹೇಗೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಇರಲಿ. ಮೊದಲು, ‘ತೆರಿಗೆ ಅಂದರೆ ದರೋಡೆ’ ಅಂತ ಶುರು ಮಾಡಬೇಡಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಅಮ್ಮನಿಗೆ ಚಿಕಿತ್ಸೆ ಕೊಡಿಸಿದವನ ಹತ್ತಿರ ಹಾಗೆ ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ‘ದುಡ್ಡಿದ್ದವರ ಪರ’ ಅನ್ನುವ ಹಳೇ ರಾಗ. ‘ನಮ್ಮ ಮಂಗಳೂರಲ್ಲಿ ಸಿಟಿ ಬಸ್ ಹೆಚ್ಚಿನದ್ದೂ ಖಾಸಗಿ. ನಿಮ್ಮ ಮುಕ್ತ ಮಾರುಕಟ್ಟೆ ಅಂದ್ರೆ ಇದೇ ಅಲ್ವಾ?’ ಅಂತ ಕೇಳುತ್ತಾರೆ. ಅಲ್ಲ ಮಾರಾಯ್ರೆ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ನಾಳೆ ಒಂದು ಬಸ್ ಹಾಕಲು ಹೊರಡಿ ನೋಡೋಣ. ಬಸ್ ಕೊಂಡರೆ ಸಾಲದು, ಪರ್ಮಿಟ್ ಬೇಕು. ಅದಕ್ಕೆ ಡಿಸಿಯವರ ಅಧ್ಯಕ್ಷತೆಯ ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಸಭೆಗೆ ಅರ್ಜಿ ಹೋಗಬೇಕು. ಯಾವ ರೂಟು, ಯಾವ ಟೈಮಿಂಗ್ ಎಲ್ಲ ಅಲ್ಲೇ ತೀರ್ಮಾನ. ಟಿಕೆಟ್ ದರವನ್ನೂ ಮಾಲೀಕ ತನಗೆ ಬೇಕಾದ ಹಾಗೆ ಇಡುವಂತಿಲ್ಲ. ಸರಿ, ನಿಮ್ಮ ಅರ್ಜಿಗೆ ಆಕ್ಷೇಪ ಎತ್ತುವವರು ಯಾರು? ಅದೇ ರೂಟಿನಲ್ಲಿ ಆಗಲೇ ಬಸ್ ಓಡಿಸುತ್ತಿರುವವರು. ‘ಇರುವ ಬಸ್ಸೇ ಜಾಸ್ತಿ’ ಅಂತ. ಪರ್ಮಿಟ್ ಅವರಿಗೆ ಸರ್ಕಾರ ಹಾಕಿಕೊಟ್ಟ ಬೇಲಿ. ಆ ಬೇಲಿ ಕೀಳಬೇಕು ಅನ್ನುವವರು ಲಿಬರ್ಟೇರಿಯನ್ನರು. ಈಗ ಹೇಳಿ, ಯಾರು ದುಡ್ಡಿದ್ದವರ ಪರ?

ಹಾಗಂತ ಬಸ್ಸುಗಳು ರೇಸ್ ಹೊಡೆಯಲಿ ಅಂತಲ್ಲ. ಇನ್ನೊಬ್ಬರ ಜೀವಕ್ಕೆ ಕುತ್ತು ತರುವವನನ್ನು ಹಿಡಿಯುವುದು ಸರ್ಕಾರದ ಕೆಲಸ ಅಂತ ಲಿಬರ್ಟೇರಿಯನ್ನರಲ್ಲೂ ಹೆಚ್ಚಿನವರು ಒಪ್ಪುತ್ತಾರೆ.

ಜಾಗದ ಕತೆಯೂ ಅಷ್ಟೆ. ಕಂಪನಿಗೆ ಜಾಗ ಬೇಕಾದರೆ ಮಾತಾಡಿ ಕೊಂಡುಕೊಳ್ಳಲಿ. ನಡುವೆ ಸರ್ಕಾರ ಯಾಕೆ ನೋಟಿಸ್ ಹಿಡಿದುಕೊಂಡು ಬರಬೇಕು? ಮಂಗಳೂರು ಎಸ್‌ಇಝಡ್‌ನ (ವಿಶೇಷ ಆರ್ಥಿಕ ವಲಯ) ಎರಡನೇ ಹಂತಕ್ಕೆ ಜಾಗ ಬಿಡುವುದಿಲ್ಲ ಅಂತ ಪೆರ್ಮುದೆ, ಕುತ್ತೆತ್ತೂರು ಕಡೆಯ ರೈತರು ಪಟ್ಟು ಹಿಡಿದರು. 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ಅಪ್ಪಟ ಲಿಬರ್ಟೇರಿಯನ್ ಹಟ ಅದು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1978ರ 44ನೇ ತಿದ್ದುಪಡಿ ತೆಗೆದುಹಾಕಿತಲ್ಲ, ಅದರ ಪೆಟ್ಟು ಜಾಸ್ತಿ ಬೀಳುವುದು ಇಂಥ ಸಣ್ಣ ಹಿಡುವಳಿದಾರರಿಗೇ.

ಗಟ್ಟಿ ಆಕ್ಷೇಪ ಬೇರೆ ಇದೆ. ‘ನಮ್ಮ ಅಜ್ಜನಿಗೆ ಜಾಗ ಸಿಕ್ಕಿದ್ದೇ ಸರ್ಕಾರದಿಂದ.’ ನಿಜ. 1974ರ ಭೂಸುಧಾರಣೆ ಬಾರದೇ ಇದ್ದಿದ್ದರೆ ಇಲ್ಲಿನ ಎಷ್ಟೋ ಒಕ್ಕಲು ಮನೆಗಳು ಮತ್ತೂ ಗೇಣಿ ಅಳೆಯುತ್ತಲೇ ಇರುತ್ತಿದ್ದವು. ಇದನ್ನು ಅಲ್ಲಗಳೆಯಲು ಹೋಗಬೇಡಿ, ಹೋಗುವ ಅಗತ್ಯವೂ ಇಲ್ಲ. ಲಿಬರ್ಟೇರಿಯನ್ನರ ದೊಡ್ಡ ಚಿಂತಕ, ಅಮೆರಿಕದ ರಾಬರ್ಟ್ ನೋಝಿಕ್, ಅದೇ 1974ರಲ್ಲಿ ಹಿಂದಿನ ಅನ್ಯಾಯದಿಂದ ಬಂದ ಆಸ್ತಿಯನ್ನು ಸರಿಪಡಿಸಬೇಕು ಅಂತ ಬರೆದರು. ಹೇಗೆ, ಎಷ್ಟು ಅನ್ನುವುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ನೀವು ತಿರುಗಿ ಒಂದು ಪ್ರಶ್ನೆ ಕೇಳಿ: ಅಜ್ಜನ ಆ ಜಾಗವನ್ನು ಕೃಷಿಕನಲ್ಲದವನಿಗೆ ಮಾರಲು ಬಿಡದೆ 2020ರವರೆಗೆ ಕಟ್ಟಿಹಾಕಿದ್ದು ಯಾರು?

ಉಡುಪಿಗೆ ಈ ವಿಚಾರ ಹೊಸತೇನಲ್ಲ. ಸರ್ಕಾರದ ಹಿಡಿತ ಸಡಿಲಾಗಲಿ ಅಂತ ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದ ಜೆ.ಎಂ. ಲೋಬೋ ಪ್ರಭು 1967ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋದವರು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವನ್ನೂ ತೆಗೆಯಬೇಕಾ? ಬೇಡ. ಕಡಲ ಮೀನಿಗೆ ಯಜಮಾನ ಇಲ್ಲ, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಬಾಚುತ್ತಾನೆ. ಆದರೆ ನಿಯಮ ಸರ್ಕಾರದಿಂದಲೇ ಬರಬೇಕು ಅಂತಿಲ್ಲ. ಊರವರೇ ಸೇರಿ ಇಂಥದ್ದನ್ನು ಕಾಯಬಲ್ಲರು ಅಂತ ತೋರಿಸಿದ ಎಲಿನೋರ್ ಓಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಮೊಗವೀರರ ರಂಪಣಿಯೂ ಹಾಗೇ ಇತ್ತು: ಹತ್ತಾರು ಜನ ಸೇರಿ ದಡಕ್ಕೆ ಬಲೆ ಎಳೆಯುವುದು, ಪಾಲು ಹಂಚಿಕೊಳ್ಳುವುದು. 1970ರ ದಶಕದಲ್ಲಿ ದೊಡ್ಡ ಬಲೆಯಿಂದ ಮೀನಿನ ಗುಂಪನ್ನೇ ಸುತ್ತುವರಿಯುವ ಪರ್ಸೀನ್ ಬೋಟು ಬಂದ ಮೇಲೆ ಅದು ಮೂಲೆ ಸೇರಿತು. ಈಗ ಸರ್ಕಾರದ್ದು ಒಂದು ಕೈಯಲ್ಲಿ ಬೋಟಿನ ಡೀಸೆಲ್‌ಗೆ ತೆರಿಗೆ ವಿನಾಯಿತಿ, ಇನ್ನೊಂದು ಕೈಯಲ್ಲಿ ಮಳೆಗಾಲದ ನಿಷೇಧ. ಮಲ್ಪೆಯಲ್ಲಿ ಈ ಚರ್ಚೆ ತೆಗೆಯುವುದಾದರೆ ನಿಷೇಧದಿಂದ ಶುರು ಮಾಡಿ. ಡೀಸೆಲ್ ಮಾತು ಎತ್ತಿದರೆ ಎದುರಿಗೆ ಕೂತವರು ಎದ್ದು ಹೋಗ್ತಾರೆ.